ಡ್ಯಾಂ ತುಂಬಿದಾಗ ಕಡಲಿಗೆ: ಕಾರವಾರದಲ್ಲಿ ಒಂದು ಶನಿವಾರ, ಹೆಸರು ಸಿಗದ ಒಂದು ಹಕ್ಕಿ

ಹಿನ್ನೀರದಂಡೆ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ನಮ್ಮ ಕಡೆ ಹಕ್ಕಿ ನೋಡುವವರ ಕಷ್ಟ ನಿಮಗೆ ಗೊತ್ತೇ ಇದೆ. ತುಂಗಭದ್ರಾ ಡ್ಯಾಂ 1633 ಅಡಿ ಮುಟ್ಟಿತು ಅಂದರೆ ಊರೆಲ್ಲ ಖುಷಿ. ಬಾಗಿನ, ಫೋಟೊ, ಕಾಲುವೆಗೆ ನೀರು. ನನ್ನ ಮುಖ ಮಾತ್ರ ಸಪ್ಪಗೆ. ಹಿನ್ನೀರು ಜಾಲಿ ಗಿಡಗಳ ಸೊಂಟದವರೆಗೆ ಬಂದಿರುತ್ತದೆ. ಬೆರಳುದ್ದ ಕಾಲಿನ ಹಕ್ಕಿ ಎಲ್ಲಿ ನಿಲ್ಲಬೇಕು ಹೇಳಿ? ಅದಕ್ಕೆ ಬೇಕಾಗಿರುವುದು ಕೆಸರು. ಆ ಕೆಸರೆಲ್ಲ ನೀರಿನ ಅಡಿಯಲ್ಲಿದೆ. ಜನವರಿವರೆಗೆ ಕಾಯಬೇಕು.

ಈ ಸಲ ಕಾಯಲಿಲ್ಲ. ಎರಡನೇ ಶನಿವಾರ ನಾವೇ ಕಾರವಾರಕ್ಕೆ ಹೋಗಿಬಂದೆವು. ನಾನು, ನನ್ನ ತಮ್ಮ, ನಮ್ಮ ಶಾಲೆಯ ಒಬ್ಬ ಟೀಚರ್, ಜೊತೆಗೆ ಸೋದರಮಾವ. ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಅವರಿಗೆ ಹಕ್ಕಿ ಗಿಕ್ಕಿ ಏನೂ ಗೊತ್ತಿಲ್ಲ. ಸರ್ವಿಸ್ ಪೂರ್ತಿ ಕಾಲುವೆ ಮೇಲೆ ನೀರಿನ ಮಟ್ಟದ ಗೇಜ್ ಓದಿ ಬರೆದುಕೊಳ್ಳುವ ಕೆಲಸ ಮಾಡಿದವರು. ರಿಟೈರ್ ಆಗಿ ವರ್ಷಗಳಾದರೂ ಜೇಬಿನಲ್ಲಿ ಚಿಕ್ಕ ನೋಟ್‌ಬುಕ್, ಪೆನ್ನು ಬಿಟ್ಟಿಲ್ಲ. ಸಮುದ್ರ ನೋಡಿಲ್ಲ ಅಂದರು, ಕರೆದುಕೊಂಡು ಹೋದೆವು.

ಶುಕ್ರವಾರ ರಾತ್ರಿ ಹತ್ತಕ್ಕೆ ಬಾಡಿಗೆ ಗಾಡಿ ಹೊರಟಿತು. ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ. ಒಟ್ಟು 280 ಕಿ.ಮೀ. ಹತ್ತಿರ. ಬೆಳಿಗ್ಗೆ ಐದಕ್ಕೆಲ್ಲ ಕಾಳಿ ನದಿಯ ಹೊಸ ಸೇತುವೆ ಮೇಲಿದ್ದೆವು. ಹಳೇ ಸೇತುವೆ 2024ರ ಆಗಸ್ಟ್ 7ರಂದು ಕುಸಿದದ್ದು ಅಂತ ಡ್ರೈವರ್ ಹೇಳಿದ. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದ ಮಾವ ಥಟ್ಟನೆ ಅಂದರು: "ನಮ್ಮ ಡ್ಯಾಂನ 19ನೇ ಗೇಟ್ ಹೋಗಿದ್ದು 10ಕ್ಕೆ. ಒಂದೇ ವಾರ."

ಮಾಜಾಳಿ ಹತ್ತಿರ, ತೀಳ್ಮಾತಿ ಕಡೆ ಹೋಗುವ ಗುಡ್ಡದ ಮೇಲೆ ಕೂತೆವು. ತೀಳ್ಮಾತಿಯ ಮರಳು ಎಳ್ಳು ಚೆಲ್ಲಿದ ಹಾಗೆ ಕಪ್ಪು, ಹೆಸರೂ ಅದರಿಂದಲೇ. ಇಲ್ಲಿ ಯಾರಾದರೂ ಹೋಗುವುದಾದರೆ ಒಂದು ಮಾತು. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಕಡಲ ಮೇಲೆ ಹಾರುವುದೆಲ್ಲ ಬಣ್ಣ ಸಮೇತ ಕಾಣುತ್ತದೆ. ಮಧ್ಯಾಹ್ನದ ಮೇಲೆ ಎಲ್ಲವೂ ಬೆಳ್ಳಿ ತಗಡಿನ ಮೇಲೆ ಹರಿದಾಡುವ ಕಪ್ಪು ಚುಕ್ಕೆ. ಹನ್ನೊಂದರ ಹೊತ್ತಿಗೆ ಗಾಳಿಯೂ ಕಡಲಿನಿಂದ ಏಳುತ್ತದೆ, ಸ್ಟ್ಯಾಂಡ್ ಮೇಲಿನ ಸ್ಕೋಪ್ ನಡುಗಲು ಶುರು.

ಕಡಲು ನೋಡುವುದು ಅಂದರೆ ಏನು ಅಂತ ಕೇಳಿದರೆ, ಸುಮ್ನೆ ಕೂರುವುದು. ಕೆರೆ ಹಾಗಲ್ಲ. ಕೆರೆಯಲ್ಲಿ ಹಕ್ಕಿ ಕೂತಿರುತ್ತದೆ, ನಾವು ಸುತ್ತುತ್ತೇವೆ. ಇಲ್ಲಿ ನಾವು ಕೂತಿರಬೇಕು, ಹಕ್ಕಿ ಹಾದುಹೋಗುತ್ತದೆ. ಒಂದೇ ಜಾಗ, ಒಂದೇ ದಿಕ್ಕು. ಅಡ್ಡ ಗೆರೆ ಎಳೆದ ಹಾಗೆ ದುರ್ಬೀನು ಇಟ್ಟುಕೊಂಡು ಎಡದಿಂದ ಬಲಕ್ಕೆ ಎಷ್ಟು ಹೋದವು, ಬಲದಿಂದ ಎಡಕ್ಕೆ ಎಷ್ಟು ಅಂತ ಬರೆಯಬೇಕು. ಮೊದಲ ಮುಕ್ಕಾಲು ಗಂಟೆ ಬರೆದದ್ದು ಬರೀ ಸೊನ್ನೆ. ತಮ್ಮ ಮೊಬೈಲ್ ತೆಗೆದ. ಟೀಚರ್ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ ಬಿಚ್ಚಿದರು. ಬೇಜಾರಾಗದೆ ಕೂತವರು ಮಾವ ಒಬ್ಬರೇ. ಅವರಿಗಿದು ಅಭ್ಯಾಸದ ಕೆಲಸ. ಗೇಜ್ ನೋಡಿದ ಹಾಗೆ ಕಡಲು ನೋಡುತ್ತಿದ್ದರು.

ಏಳೂವರೆಗೆ ಮೀನು ಹಿಡಿಯುವ ಕಡಲ ಹಕ್ಕಿ ಟರ್ನ್‌ಗಳು ಶುರುವಾದವು. ದೊಡ್ಡ ಜುಟ್ಟಿನ ಟರ್ನ್, ಹಸಿರು ಬೆರೆತ ಹಳದಿ ಕೊಕ್ಕು. ಅದರ ಜೊತೆಗೇ ಸ್ವಲ್ಪ ಚಿಕ್ಕದು, ಕಿತ್ತಳೆ ಕೊಕ್ಕಿನದು. ಇವೆರಡನ್ನೂ ಪುಸ್ತಕದಲ್ಲಿ ನೋಡಿದಾಗ ಹೇಗಪ್ಪಾ ಬೇರೆ ಮಾಡೋದು ಅನಿಸಿತ್ತು. ಬೆಳಿಗ್ಗೆಯ ಬಿಸಿಲಲ್ಲಿ ಮಾವನೂ ಹೇಳಿದರು, "ಒಂದು ನಿಂಬೆಹಣ್ಣು, ಒಂದು ಗಜ್ಜರಿ." ಮೇಲಿನಿಂದ ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುತ್ತವೆ. ಮಾವ ಒಂದೇ ಹಕ್ಕಿಯನ್ನು ಹಿಡಿದುಕೊಂಡು ಲೆಕ್ಕ ಹಾಕಿದರು. 11 ಸಲ ಬಿತ್ತು, 3 ಮೀನು ಸಿಕ್ಕವು.

ನಂತರ 8.40ಕ್ಕೆ ಆ ದಿನದ ದೊಡ್ಡ ಸಂಗತಿ. ಜುಟ್ಟಿನ ಟರ್ನ್ ಒಂದು ಕೊಕ್ಕಿನಲ್ಲಿ ಅಡ್ಡಲಾಗಿ ಮೀನು ಹಿಡಿದು ದಡದ ಕಡೆ ಬರುತ್ತಿತ್ತು. ಕೆಳಗಿನಿಂದ, ನೀರಿಗೆ ಅಂಟಿದ ಹಾಗೆ, ಕಪ್ಪು ಹಕ್ಕಿಯೊಂದು ಅದರ ಹಿಂದೆ ಬಿತ್ತು. ಟರ್ನ್ ಎಡಕ್ಕೆ ತಿರುಗಿದರೆ ಇದೂ ಎಡಕ್ಕೆ. ಮೇಲೆದ್ದರೆ ಇದೂ ಮೇಲೆ. ರೆಕ್ಕೆ ತುದಿಯ ಹತ್ತಿರ ಬಿಳಿ ಮಿಂಚು ಕಂಡಿತು. ಮೂರು ತಿರುವು, ನಾಲ್ಕನೆಯದಕ್ಕೆ ಟರ್ನ್ ಸೋತು ಮೀನು ಬಿಟ್ಟಿತು. ಮೀನು ನೀರಿಗೆ ತಾಗುವ ಮೊದಲೇ ಕಪ್ಪು ಹಕ್ಕಿ ಹಿಡಿದು ನುಂಗಿ, ಏನೂ ಆಗಿಲ್ಲವೇನೋ ಅನ್ನುವಂತೆ ದಕ್ಷಿಣಕ್ಕೆ ಹೋಯಿತು. ಸ್ಕೂವಾ! ಬೇರೆ ಹಕ್ಕಿಗಳ ಮೀನು ಕಿತ್ತುಕೊಳ್ಳುವ ಕಡಲ ಹಕ್ಕಿ. ನಾನು ಅದರಲ್ಲೇ ಪ್ಯಾರಾಸಿಟಿಕ್ ಅನ್ನುವ ಜಾತಿ ಅಂತ ಬರೆದುಕೊಂಡೆ. ತಮ್ಮ ಮೊಬೈಲ್ ಒಳಗಿಟ್ಟ.

ಅದಕ್ಕೂ ಮೊದಲು, 8.17ಕ್ಕೆ, ಇನ್ನೊಂದು ಕಂಡಿತ್ತು. ಬಹಳ ದೂರ. ಕಪ್ಪು. ಅಲೆಗಳ ಮೇಲೆ ತೀರ ಕೆಳಗೆ. ನಾಲ್ಕು ಸೆಕೆಂಡ್ ಇರಬೇಕು ಅಷ್ಟೇ, ಒಂದು ಅಲೆಯ ಹಿಂದೆ ಹೋಯಿತು, ಮತ್ತೆ ಬರಲಿಲ್ಲ. ಹೆಸರು ಗೊತ್ತಾಗಲಿಲ್ಲ.

ಮಧ್ಯಾಹ್ನ ಬೈತಖೋಲ್ ಬಂದರಿನ ಹತ್ತಿರ ಊಟ. ಗರುಡ ಅಲ್ಲಿ ನಮ್ಮೂರ ಕಾಗೆಯಷ್ಟು. ಮಾವ ಮಾತ್ರ ಹುರಿದ ಬಂಗಡೆ ವಾಸನೆಗೆ ಮೂಗು ಮುಚ್ಚಿ ಉಳಿದ ರೊಟ್ಟಿ ತಿಂದರು.

ಊಟ ಆದ ಮೇಲೆ ಮತ್ತೆ ನದಿ ದಾಟಿ ದೇವಬಾಗ್ ಕಡೆ, ಕಾಳಿ ಕಡಲು ಸೇರುವ ಜಾಗ. ನೀರು ಇಳಿದು ಮರಳು ದಿಬ್ಬ ಎದ್ದಿತ್ತು. ದಿಬ್ಬದ ತುಂಬ ಸ್ಯಾಂಡ್ ಪ್ಲವರ್. ಮರಳಿನದೇ ಬಣ್ಣ. ಓಡುವವರೆಗೆ ಕಾಣುವುದಿಲ್ಲ, ಓಡಿದಾಗ ಮರಳೇ ಓಡಿದ ಹಾಗೆ. 140ರವರೆಗೆ ಎಣಿಸಿದೆವು. ಕೆಲವಕ್ಕೆ ಎದೆಯ ಮೇಲೆ ಬೇಸಿಗೆಯ ಕೆಂಪು ಇನ್ನೂ ಪೂರ್ತಿ ಮಾಸಿರಲಿಲ್ಲ, ಇಟ್ಟಿಗೆ ಪುಡಿ ಉಜ್ಜಿದ ಹಾಗಿತ್ತು. ಇವು ಮರಿ ಮಾಡುವುದು ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಜಾಗಗಳಲ್ಲಿ. ಜೊತೆಗೆ ಮೂರು ವಿಂಬ್ರೆಲ್, ಒಂದು ಕರ್ಲ್ಯೂ, ನೀರಿನ ಅಂಚಿನಲ್ಲಿ ಬೂದು ಬಣ್ಣದ ಕಡಲ ಬೆಳ್ಳಕ್ಕಿ, ದೂರದ ಗಾಳಿ ಮರದ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು.

ಮಾವನ ತಲೆಬಿಸಿ ಬೇರೆ. "ಇಲ್ಲಿ ಗೇಜ್ ಎಲ್ಲಿದೆ?" ಅಂತ ಬಂದಾಗಿನಿಂದ ಕೇಳುತ್ತಿದ್ದರು. ಇಲ್ಲ ಅಂದೆ. ಒಂದು ಒಣಗಿದ ಗಾಳಿ ಕೋಲು ಹುಡುಕಿ ತಂದರು. ಪೆನ್ನಿನಿಂದ ಗೇಣಿಗೊಂದು ಗೆರೆ ಹಾಕಿ, ನೀರಂಚಿನಲ್ಲಿ ನೆಟ್ಟರು. 1.50ಕ್ಕೆ ನೆಟ್ಟದ್ದು. ನೀರು ಇನ್ನೂ ಹಿಂದೆ ಸರಿಯಿತು, ನಿಂತಿತು, ಮೂರೂವರೆ ದಾಟಿದ ಮೇಲೆ ವಾಪಸ್ ಬಂತು. ಐದೂವರೆಗೆ ಕೋಲು ಮೊಣಕಾಲುದ್ದ ನೀರಲ್ಲಿ. ಮಾವ ಬೆರಗಾಗಿ ಅಂದದ್ದು: "ನಮ್ಮ ಡ್ಯಾಂ ವರ್ಷಕ್ಕೊಮ್ಮೆ ಮಾಡೋ ಕೆಲಸ ಇದು ದಿನಕ್ಕೆ ಎರಡು ಸಲ ಮಾಡುತ್ತಲ್ಲ!"

ನನಗೆ ಆಗಲೇ ಹೊಳೆದದ್ದು. ಹಕ್ಕಿಗೆ ಬೇಕಾದದ್ದು ನೀರಲ್ಲ, ನೀರು ಬಿಟ್ಟುಹೋದ ಜಾಗ. ಕಡಲು ಅದನ್ನು ದಿನಕ್ಕೆರಡು ಸಲ ಕೊಡುತ್ತದೆ. ನಮ್ಮ ಹಿನ್ನೀರು ಜನವರಿಯಿಂದ ಮೇ ತನಕ ನಿಧಾನವಾಗಿ, ದಿನಕ್ಕೆ ಒಂದಿಷ್ಟು ಕೊಡುತ್ತದೆ.

ಕೋಲು ಅಲ್ಲೇ ಮರೆತು ಬಂದೆವು. ಮಾವನಿಗೆ ಅದೇ ಚಿಂತೆ.

ಒಗ್ಗರಣೆ ಮಿರ್ಚಿ, ಬಳ್ಳಾರಿ

ಅಕ್ಕಾ, ಓದಿ ಮಜಾ ಬಂತು. ಆದರೆ ಒಂದು ಲೆಕ್ಕ. ಹೋಗ್ತಾ ಬರ್ತಾ 560 ಕಿ.ಮೀ., ಒಂದು ರಾತ್ರಿ ನಿದ್ದೆ, ಬಾಡಿಗೆ ಗಾಡಿ. ಸಿಕ್ಕಿದ್ದು ನಾಲ್ಕು ಸೆಕೆಂಡಿನ ಕಪ್ಪು ಹಕ್ಕಿ, ಅದಕ್ಕೂ ಹೆಸರಿಲ್ಲ! ಆ ದುಡ್ಡಿಗೆ ನಮ್ಮ ಅಂಕಸಮುದ್ರ ಕೆರೆಗೆ ಹತ್ತು ಸಲ ಹೋಗಬಹುದಿತ್ತು ಅಲ್ವಾ?

ನೀವು ಹೋದ ದಾರಿ ನಮಗೆ ಹೊಸದಲ್ಲ ಬಿಡಿ. ಹಳೇ 63ನೇ ನಂಬರ್ ಹೈವೇ. ಗುತ್ತಿಯಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಹಿಡಿದು ಅಂಕೋಲಾಕ್ಕೆ ಮುಗಿಯುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ಆ ರೋಡಲ್ಲಿ ಹಗಲು ರಾತ್ರಿ ಅದಿರು ಲಾರಿಗಳು ಬೇಲೇಕೇರಿ ಬಂದರಿಗೆ. ನಮ್ಮ ಮಣ್ಣು ಕಡಲು ನೋಡಿದ್ದು ನಮಗಿಂತ ಮೊದಲು.

ಹಿನ್ನೀರದಂಡೆ, ಕೊಪ್ಪಳ

ಅಂಕಸಮುದ್ರಕ್ಕೆ ವರ್ಷಕ್ಕೆ ನಾಲ್ಕು ಸಲ ಹೋಗ್ತೀನಿ ತಮ್ಮಾ. ಅಲ್ಲಿ ನೀರಲ್ಲಿ ನಿಂತ ಜಾಲಿ ಮರಗಳ ಮೇಲೆ ಗೂಡುಗಳ ಸಂತೆ. ಆದರೆ ಅದು ಬೇರೆ ರುಚಿ. ಅಂದಹಾಗೆ 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಕರ್ನಾಟಕದಿಂದ ಒಟ್ಟಿಗೇ ಸೇರಿದ್ದು ಮೂರು: ಅಂಕಸಮುದ್ರ, ಗದಗ ಕಡೆಯ ಮಾಗಡಿ ಕೆರೆ, ಮತ್ತೆ ಅಘನಾಶಿನಿ ಅಳಿವೆ. ಅಂಕಸಮುದ್ರ ನೂರು ಹೆಕ್ಟೇರ್ ಸಹ ಇಲ್ಲ, ಅಘನಾಶಿನಿ 4,801 ಹೆಕ್ಟೇರ್. ನಮ್ಮ ಕೆರೆಗೆ ಸೊಕ್ಕು ಬರೋಕೆ ಅಷ್ಟು ಸಾಕು.

ಲೆಕ್ಕ ಕೇಳಿದ್ರಲ್ಲ. ಒಬ್ಬೊಬ್ಬರಿಗೆ ಎರಡು ಸಾವಿರದ ಒಳಗೆ ಮುಗಿಯಿತು. ಸ್ಕೂವಾ ಮೀನು ಕಿತ್ತುಕೊಂಡದ್ದಕ್ಕೇ ಸಾವಿರ ಕೊಡಬಹುದು.

ಕಾಳಿ ಕಡೆಯವ, ಕಾರವಾರ, ಸದ್ಯ ತೋರಣಗಲ್ಲು

ನಾನು ಹುಟ್ಟಿದ್ದು ಸದಾಶಿವಗಡದ ಕೆಳಗೆ. ಕೆಲಸಕ್ಕೆ ಅಂತ ಈ ಬಿಸಿಲಲ್ಲಿ ಒಣಗುತ್ತಿದ್ದೇನೆ. ನಿಮ್ಮ ಪೋಸ್ಟ್ ಓದಿ ಉಪ್ಪು ಗಾಳಿ ಮೂಗಿಗೆ ಬಂತು ಮೇಡಂ. ಎರಡು ಮೂರು ಮಾತು ಹೇಳಲಾ?

ಮೊದಲನೆಯದು, ನೀವು ಹೋದ ಹೊತ್ತು ತಪ್ಪಲ್ಲ, ಆದರೆ ಬೇರೆ. ದೂರ ಕಡಲಿನ ಹಕ್ಕಿ ದಡಕ್ಕೆ ಬರುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್. ಪಶ್ಚಿಮದ ಗಾಳಿ ವಾರಗಟ್ಟಲೆ ಒಂದೇ ಸಮ ಬೀಸಿದಾಗ ಅವು ತಳ್ಳಿಸಿಕೊಂಡು ಬರುತ್ತವೆ. ಕೆಲವು ಸುಸ್ತಾಗಿ ಮರಳಿನ ಮೇಲೇ ಬಿದ್ದಿರುತ್ತವೆ. ನಾನು ಹುಡುಗನಾಗಿದ್ದಾಗ ಒಂದು ಬೂಬಿ ಹಾಗೆ ಬಿದ್ದಿತ್ತು. ಬಾತುಕೋಳಿಗಿಂತ ದೊಡ್ಡದು, ಮುಖಕ್ಕೆ ಕಪ್ಪು ಮಸಿ. ಊರವರು ಮೀನು ಹಾಕಿದರು, ಎರಡನೇ ದಿನ ಹೋಯಿತು. ಹಾರಿಹೋಯಿತು ಅಂತ ಹೇಳಬೇಕು ಅನಿಸುತ್ತದೆ, ಆದರೆ ಸತ್ತುಹೋಯಿತು.

ಅಕ್ಟೋಬರ್ ದಡದ ಹಕ್ಕಿಗಳ ಕಾಲ. ಉತ್ತರದಿಂದ ಬರುವ ಪ್ಲವರ್, ಗೊರವ, ಗಲ್ ಎಲ್ಲ ಆಗ ಇಳಿಯುತ್ತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳಿಗೆ ಇರುವ ನಿಷೇಧವೂ ಮುಗಿದಿರುತ್ತದೆ. ದೋಣಿ ಹಿಂದೆ ಟರ್ನ್, ಟರ್ನ್ ಹಿಂದೆ ಸ್ಕೂವಾ. ಸ್ಕೂವಾ ಬೇಕಿದ್ದರೆ ದೋಣಿ ವಾಪಸ್ ಬರುವ ಹೊತ್ತು ನೋಡಿ.

ಎರಡನೆಯದು, ಪ್ಯಾರಾಸಿಟಿಕ್ ಅಂತ ಹೇಗೆ ಗೊತ್ತಾಯಿತು? ನಮ್ಮ ಪಶ್ಚಿಮ ಕರಾವಳಿಯಲ್ಲಿ ಜಾಸ್ತಿ ಕಾಣುವುದು ಇನ್ನೊಂದು ಜಾತಿ, ಪೊಮರೈನ್ ಸ್ಕೂವಾ. ರೆಕ್ಕೆಯ ಬಿಳಿ ಮಿಂಚು ಎರಡಕ್ಕೂ ಇದೆ.

ಹಿನ್ನೀರದಂಡೆ, ಕೊಪ್ಪಳ

ಸರ್, ಇದನ್ನೇ ಕಾಯ್ತಿದ್ದೆ. ಹೇಳ್ತೀನಿ. ಪೊಮರೈನ್ ಎದೆ ದಪ್ಪ, ಹಾರಾಟ ಭಾರ ಅಂತ ಓದಿದ್ದೆ. ಇದು ತೆಳ್ಳಗಿತ್ತು. ಮೈ ಹೆಚ್ಚು ಕಡಿಮೆ ಟರ್ನ್‌ನಷ್ಟೇ. ತಿರುವಿನಲ್ಲಿ ಗಿಡುಗನ ಹಾಗೆ ಚುರುಕು. ಬಾಲದ ನಡುವಿನ ಗರಿ ಚಮಚದ ಹಾಗಿತ್ತಾ, ಚೂಪಾಗಿತ್ತಾ ನೋಡಲಿಲ್ಲ. ನಿಜ ಹೇಳಬೇಕೆಂದರೆ ಮೀನನ್ನು ನೋಡ್ತಿದ್ದೆ.

ಕಾಳಿ ಕಡೆಯವ, ಕಾರವಾರ, ಸದ್ಯ ತೋರಣಗಲ್ಲು

ಎಲ್ಲರೂ ಮೀನನ್ನೇ ನೋಡುತ್ತಾರೆ. ನಾನೂ.

ನೀವು ಹೇಳಿದ್ದು ಪ್ಯಾರಾಸಿಟಿಕ್ ಕಡೆ ವಾಲುತ್ತದೆ. ಆದರೆ ಈ ವರ್ಷದ ಮರಿಗಳಿಗೆ ಬಾಲದ ಗರಿ ಇನ್ನೂ ಬಂದಿರುವುದಿಲ್ಲ, ಬೆಳೆದವುಗಳದ್ದೂ ಎಷ್ಟೋ ಸಲ ಮುರಿದಿರುತ್ತದೆ. ಫೋಟೊ ಇಲ್ಲದೆ ನಾನಾದರೆ ಬರೀ ಸ್ಕೂವಾ ಅಂತ ಬಿಡುತ್ತೇನೆ. ಹಕ್ಕಿ ದಾಖಲಿಸುವ ಇ-ಬರ್ಡ್‌ನಲ್ಲೂ ಹಾಗೆ ಬರೆಯಲು ಜಾಗ ಇದೆ.

ಬಿಸಿಲೂರು, ರಾಯಚೂರು

ಸ್ಕೂವಾ ಇರಲಿ. 8.17ರ ಹಕ್ಕಿಗೆ ಯಾಕೆ ಇಷ್ಟು ಅನ್ಯಾಯ? ಕಪ್ಪು, ಕಡಲು, ನೀರಿಗೆ ಅಂಟಿದ ಹಾರಾಟ, ಅಲೆಯ ಹಿಂದೆ ಮರೆ. ಇದು ದೂರ ಕಡಲಿನ ಹಕ್ಕಿ ಶಿಯರ್‌ವಾಟರ್ ಅಲ್ಲದೆ ಇನ್ನೇನು? ಧೈರ್ಯವಾಗಿ ಬರೆಯಿರಿ. ಕಲ್ಯಾಣ ಕರ್ನಾಟಕದವರು ಶಿಯರ್‌ವಾಟರ್ ನೋಡಿದ್ದು ಸಣ್ಣ ಸುದ್ದಿ ಅಲ್ಲ.

ನಮ್ಮ ಕಡೆಯ ಹಕ್ಕಿಗಳ ದಾಖಲೆ ಯಾವಾಗಲೂ ಕಡಿಮೆ. 1931ರಲ್ಲಿ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿ ಸಮೀಕ್ಷೆ ಶುರು ಮಾಡಿದಾಗ ರಾಯಚೂರು, ಕೊಪ್ಪಳ ಎಲ್ಲ ನಿಜಾಮನ ಕೆಳಗಿದ್ದವು. ತುಂಗಭದ್ರಾ ಡ್ಯಾಂ ಇರಲೇ ಇಲ್ಲ, ಕೆಲಸ ಶುರುವಾದದ್ದೇ 1945ರಲ್ಲಿ. ಅಲ್ಲಿಂದ ಇಲ್ಲಿವರೆಗೆ ನಾವು ಬರೆದಿಟ್ಟಿದ್ದು ಎಷ್ಟು? ಹಿಂಜರಿದು ಹಿಂಜರಿದು ಏನೂ ಬರೆಯದೆ ಉಳಿದಿದ್ದೇವೆ.

ಕಾಳಿ ಕಡೆಯವ, ಕಾರವಾರ, ಸದ್ಯ ತೋರಣಗಲ್ಲು

ಇನ್ನೇನು ಅಂದ್ರಾ? ಶಿಯರ್‌ವಾಟರ್ ಆಗಬಹುದು. ನಾಡಿ ಅನ್ನುವ ಕಡಲ ಹಕ್ಕಿ ಆಗಬಹುದು. ಸೂಟಿ ಟರ್ನ್‌ನ ಮರಿ ಆಗಬಹುದು, ಅದೂ ಕಪ್ಪೇ. ಅದೇ ಸ್ಕೂವಾ ಇಪ್ಪತ್ತು ನಿಮಿಷ ಮೊದಲು ಹಾದುಹೋಗಿದ್ದೂ ಆಗಬಹುದು. ನೀರುಕಾಗೆಯೂ ಆಗಬಹುದು. ನಗಬೇಡಿ! ಅದೂ ಕಪ್ಪು, ಅದೂ ನೀರಿಗೆ ಅಂಟಿಕೊಂಡೇ ಹಾರುತ್ತದೆ, ಕಾಳಿ ಅಳಿವೆಯಿಂದ ದಿನಾ ಕಡಲಿಗೆ ಹೋಗಿಬರುತ್ತದೆ.

ಕೇಳಬೇಕಾದ್ದು ಒಂದೇ. ಮೇಡಂ, ರೆಕ್ಕೆ ಬಡಿಯುತ್ತಿತ್ತಾ, ತೇಲುತ್ತಿತ್ತಾ? ಶಿಯರ್‌ವಾಟರ್ ನಾಲ್ಕೈದು ಸಲ ಬಡಿದು ರೆಕ್ಕೆ ಬಿಗಿಯಾಗಿ ಚಾಚಿ ತೇಲುತ್ತದೆ. ತೇಲುವಾಗ ಒಂದು ಪಕ್ಕಕ್ಕೆ ವಾಲುತ್ತದೆ, ಒಂದು ಸಲ ಬೆನ್ನು ಕಾಣುತ್ತದೆ, ಒಂದು ಸಲ ಹೊಟ್ಟೆ. ನೀರುಕಾಗೆ ಬಡಿಯುತ್ತಲೇ ಇರುತ್ತದೆ.

ಹಿನ್ನೀರದಂಡೆ, ಕೊಪ್ಪಳ

ಮಾವನ ನೋಟ್‌ಬುಕ್ ತೆಗೆಸಿದೆ. ಅದರಲ್ಲಿರುವುದು ಇಷ್ಟು, ಇದ್ದ ಹಾಗೇ ಬರೀತೀನಿ:

"8.17. ಕಪ್ಪು 1. ಬಲದಿಂದ ಎಡ. ದೂರ ಬಹಳ. ರೆಕ್ಕೆ ಕಾಣಲಿಲ್ಲ. ಹೆಸರು ಇಲ್ಲ."

ನನಗೆ ತೇಲಿದ ಹಾಗೆ ನೆನಪು. ಆದರೆ ಶಿಯರ್‌ವಾಟರ್ ಅಂತ ನೀವೆಲ್ಲ ಹೇಳಿದ ಮೇಲೆ ಬಂದ ನೆನಪೋ, ಅವತ್ತಿನದೇ ನೆನಪೋ ಗೊತ್ತಾಗ್ತಿಲ್ಲ. ಅದಕ್ಕೇ ಬಿಟ್ಟುಬಿಡ್ತೀನಿ ರಾಯಚೂರು ಅಣ್ಣಾ. ಮಾವನಿಗೂ ನಿಮ್ಮ ಪೋಸ್ಟ್ ಓದಿ ಹೇಳಿದೆ. ಅವರು ಸ್ವಲ್ಪ ಬಿಸಿಯಾದರು. ಮಳೆಯಲ್ಲಿ ಗೇಜ್ ಕಾಣದ ರಾತ್ರಿ ನಾವು "ಕಾಣಲಿಲ್ಲ" ಅಂತಲೇ ಬರೀತಿದ್ವಿ, ಅಂದಾಜು ಬರೆದವನಿಗೆ ಮೇಲಿನವರು ಬೈತಿದ್ರು, ಮರುದಿನ ಕೆಳಗಿನ ಹೊಲದವನೂ ಬೈತಿದ್ದ ಅಂದರು.

ಬಿಸಿಲೂರು, ರಾಯಚೂರು

ಮಾವನವರಿಗೆ ನಮಸ್ಕಾರ ಹೇಳಿ. ಕೆಳಗಿನ ಹೊಲದವರು ನಾವೇ. ಕಾಲುವೆಯ ಕೊನೆಯಲ್ಲಿ ಇರುವವರು. ಅವರ ಅಂದಾಜಿನ ಬಗ್ಗೆ ನಮಗೂ ಹೇಳೋದಿದೆ, ಇಲ್ಲಿ ಬೇಡ.

ಶಿಯರ್‌ವಾಟರ್ ಕೈಬಿಟ್ಟೆ. ಮನಸ್ಸಿನಿಂದ ಅಲ್ಲ.

ಸೋನಾಮಸೂರಿ, ಗಂಗಾವತಿ

ನಾನು ಹೊಸಬ. ಒಂದು ದಡ್ಡ ಪ್ರಶ್ನೆ. ಯಾವ ದುರ್ಬೀನು ತಗೋಬೇಕು? ಹೋದ ವರ್ಷ ದೊಡ್ಡ ಊರಿನ ಒಂದು ಅಂಗಡಿಯಲ್ಲಿ 20ರಿಂದ 180 ಪಟ್ಟು ಝೂಮ್ ಅಂತ ಬರೆದಿದ್ದನ್ನು ಮೂರೂವರೆ ಸಾವಿರ ಕೊಟ್ಟು ತಂದೆ. ಮನೆ ಮಾಳಿಗೆ ಮೇಲೆ ನಿಂತು ಚಂದ್ರನನ್ನು ನೋಡಿದರೆ ಎರಡು ಚಂದ್ರ. ನನ್ನ ಕಣ್ಣಿಗೇ ಏನೋ ಆಗಿದೆ ಅಂತ ಡಾಕ್ಟರ್ ಹತ್ತಿರ ಹೋಗಿದ್ದೆ. ವಾಪಸ್ ಕೊಡಲು ಹೋದರೆ ಅಂಗಡಿಯವರು ಬಿಲ್ ಕೇಳಿದರು. ಬಿಲ್ ಕೊಟ್ಟಿರಲೇ ಇಲ್ಲ.

ಇನ್ನೊಂದು. ಅಘನಾಶಿನಿ ಕಡೆ ಉಪ್ಪು ನೀರಲ್ಲಿ ಭತ್ತ ಬೆಳೀತಾರೆ ಅಂತ ಕೇಳಿದ್ದೆ, ನಿಜಾನಾ? ನಮ್ಮಲ್ಲಿ ನೀರು ನಿಂತು ಸವಳಾದ ಹೊಲದಲ್ಲಿ ಹುಲ್ಲೂ ಬರ್ತಿಲ್ಲ.

ಕಾಳಿ ಕಡೆಯವ, ಕಾರವಾರ, ಸದ್ಯ ತೋರಣಗಲ್ಲು

ನಿಜ. ಗಜನಿ ಗದ್ದೆ ಅನ್ನುತ್ತಾರೆ. ಬೆಳೆಯುವುದು ಕಗ್ಗ ಅನ್ನುವ ಭತ್ತ. ಮಳೆಗಾಲದಲ್ಲಿ ಹೊಳೆ ನೀರು ಬಂದು ಉಪ್ಪು ಇಳಿದಾಗ ಬಿತ್ತುತ್ತಾರೆ. ನೀರಲ್ಲಿ ಮುಳುಗಿದರೂ, ಉಪ್ಪು ತಾಗಿದರೂ ತಡೆಯುತ್ತದೆ. ಗೊಬ್ಬರ, ಔಷಧ ಏನೂ ಇಲ್ಲ. ತೆನೆ ಮಾತ್ರ ಕೊಯ್ದು ಹುಲ್ಲು ಬಿಡುತ್ತಾರೆ, ಅದು ಕೊಳೆತು ಸಿಗಡಿ ಮೀನಿಗೆ ಆಹಾರ. ಅಕ್ಟೋಬರ್, ನವೆಂಬರ್‌ನಲ್ಲಿ ಕೊಯ್ಲು ಆಗುವ ಹೊತ್ತಿಗೇ ಗೊರವಗಳು ಬಂದಿಳಿಯುತ್ತವೆ. ಅಕ್ಕಿ ಕೆಂಪು, ದಪ್ಪ. ನಿಮ್ಮ ಸೋನಾ ಮಸೂರಿ ತಿಂದವರಿಗೆ ಗಂಟಲಲ್ಲಿ ಇಳಿಯೋದು ಕಷ್ಟ.

ಹಿನ್ನೀರದಂಡೆ, ಕೊಪ್ಪಳ

ದುರ್ಬೀನಿನ ಬಗ್ಗೆ ನಾನು ಹೇಳ್ತೀನಿ ತಮ್ಮಾ. ದಡ್ಡ ಪ್ರಶ್ನೆ ಅಲ್ಲ, ನಾನೂ ಹಾಗೇ ಒಂದು ಸಲ ಕೈ ಸುಟ್ಟುಕೊಂಡವಳು. 8x42 ತಗೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜು 42 ಮಿ.ಮೀ. ಅಗಲ. ಪಟ್ಟು ಜಾಸ್ತಿ ಆದಷ್ಟು ಕೈ ನಡುಕವೂ ಅಷ್ಟೇ ಪಟ್ಟು ಕಾಣುತ್ತೆ, ಕಾಣುವ ಜಾಗವೂ ಕಿರಿದಾಗುತ್ತೆ. ಕೈಯಲ್ಲಿ ಹಿಡಿದು ನೋಡೋಕೆ ಹತ್ತಕ್ಕಿಂತ ಮೇಲೆ ಬೇಡವೇ ಬೇಡ. ಎರಡು ಚಂದ್ರ ಕಂಡಿದ್ದು ಒಳಗಿನ ಪ್ರಿಸಂ ಸರಿದಿರೋದಕ್ಕೆ. ಎಡಗಣ್ಣು ಒಂದು ನೋಡುತ್ತೆ, ಬಲಗಣ್ಣು ಇನ್ನೊಂದು. ಅಂಗಡಿಯಲ್ಲೇ ದೂರದ ಕರೆಂಟ್ ಕಂಬ ನೋಡಿ, ಒಂದೇ ಕಂಬ ಕಂಡರೆ ದುಡ್ಡು ಕೊಡಿ. ಬಿಲ್ ಇಸ್ಕೊಳ್ಳಿ!

ಕಡಲಿಗೆ ಒಯ್ದರೆ ಮನೆಗೆ ಬಂದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ. ನಾನು ಎರಡು ದಿನ ಹಾಗೇ ಬಿಟ್ಟೆ. ಈಗ ಫೋಕಸ್ ಚಕ್ರ ತಿರುಗಿಸಿದರೆ ಹಿಟ್ಟಿನ ಗಿರಣಿ ಸದ್ದು.

ಹುಲಿಗಿ ಹಾದಿ, ಮುನಿರಾಬಾದ್

ಎಲ್ಲರೂ ಕಾರವಾರಕ್ಕೆ ಗಾಡಿ ಕಟ್ಟುವ ಮೊದಲು ನಮ್ಮ ಹಿನ್ನೀರಿನ ಪರವಾಗಿ ಒಂದಿಷ್ಟು ಹೇಳಬೇಕು. 378 ಚದರ ಕಿ.ಮೀ. ನೀರು ಅಂದರೆ ಸುಮ್ನೆ ಅಲ್ಲ. ಗಾಳಿ ಇದ್ದ ದಿನ ದಂಡೆಗೆ ಅಲೆ ಬಡಿಯುವ ಸದ್ದು ಕೇಳಿ, ಕಣ್ಣು ಮುಚ್ಚಿದರೆ ಕಡಲೇ. ಆಚೆ ದಡ ಎಷ್ಟೋ ಕಡೆ ಕಾಣುವುದೂ ಇಲ್ಲ.

ಅಕ್ಟೋಬರ್‌ನಲ್ಲಿ ಏನೂ ಇಲ್ಲ ಅನ್ನೋದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೆಸರಿನ ಹಕ್ಕಿ ಇಲ್ಲ, ಸರಿ. ರೀವಗಳು, ಅಂದರೆ ನೀವು ಹೇಳುವ ಟರ್ನ್, ಇವೆ. ನದಿ ರೀವದ ಹಳದಿ ಕೊಕ್ಕು ಯಾವ ಕಡಲ ಟರ್ನ್‌ಗೂ ಕಡಿಮೆ ಇಲ್ಲ, ಅದೂ ಹಾಗೇ ದೊಪ್ಪನೆ ಬಿದ್ದು ಮೀನು ಹಿಡಿಯುತ್ತದೆ. ಚಳಿ ಶುರುವಾದರೆ ಕಂದುತಲೆಯ ಗಲ್ ಇಲ್ಲಿಗೂ ಬರುತ್ತದೆ. ಕಾರವಾರದ ಕಡೆ ಇಳಿಯುವ ಅದೇ ಗಲ್, ಬಸ್ ಚಾರ್ಜ್ ಇಲ್ಲದೆ.

ಇನ್ನು ಕಳ್ಳತನ ನೋಡಲು ಅಷ್ಟು ದೂರ ಯಾಕೆ? ನಮ್ಮ ಹೊಲದ ಕಾಜಾಣ ಏನು ಕಡಿಮೆಯಾ? ಮೈನಾ ಹುಳು ಹಿಡಿಯುವವರೆಗೆ ಎಮ್ಮೆ ಬೆನ್ನ ಮೇಲೆ ಕೂತು ಕಾಯ್ದು ಕಿತ್ತುಕೊಳ್ಳುತ್ತದೆ.

ಫೆಬ್ರವರಿ ಮೇಲೆ ನೀರು ಇಳಿದು ತೆಳ್ಳಗೆ ಹರಡಿದಾಗ ರಾಜಹಂಸ ಬರುವ ವರ್ಷ ಇದೆ, ಬಾರದ ವರ್ಷವೂ ಇದೆ. ಬಂದ ವರ್ಷ ನಮ್ಮ ಜನ ಮಾಡುವ ಕೆಲಸ ಹೇಳಿದರೆ ಬೇಜಾರು. ಒಂದು ಸಲ ಇಬ್ಬರು ಹುಡುಗರು ಡ್ರೋನ್ ಹಾರಿಸಿದರು. ಹಿಂಡೆಲ್ಲ ಒಮ್ಮೆಲೇ ಎದ್ದಿತು. ವಿಡಿಯೊ ಚೆನ್ನಾಗಿ ಬಂದಿರಬೇಕು. ಹಕ್ಕಿ ಮಾತ್ರ ಆ ದಂಡೆಗೆ ಮತ್ತೆ ಹದಿನೈದು ದಿನ ಇಳಿಯಲಿಲ್ಲ. ಕಾಲು ಮುಳುಗುವ ನೀರಲ್ಲಿ ನೆಮ್ಮದಿಯಾಗಿ ತಿನ್ನಲು ಇರುವುದು ಎರಡು ತಿಂಗಳು, ಅದರಲ್ಲಿ ಹದಿನೈದು ದಿನ ಅಂದರೆ ಲೆಕ್ಕ ಹಾಕಿ.

ಹಾಗಾಗಿ ಜಾಗದ ಹೆಸರು ಇಲ್ಲಿ ಬರೆಯುವುದಿಲ್ಲ. ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ.

ಒಗ್ಗರಣೆ ಮಿರ್ಚಿ, ಬಳ್ಳಾರಿ

ಕಾಜಾಣದ ಮಾತು ಹೌದು. ನಾನು ನೋಡಿದ್ದೀನಿ. ಅದು ಬೇರೆ ಹಕ್ಕಿಗಳಿಗೆ ಸುಳ್ಳೇ ಗಾಬರಿ ಕೂಗು ಹಾಕಿ ಹೆದರಿಸೋದೂ ಉಂಟು.

ಸರಿ, ಜನವರಿಗೆ ಬರ್ತೀನಿ. ಮಿರ್ಚಿ ನಂದು.

ಹಿನ್ನೀರದಂಡೆ, ಕೊಪ್ಪಳ

ಹುಲಿಗಿ ಅಣ್ಣಾರೇ, ಡ್ರೋನ್ ವಿಷಯ ಓದಿ ಹೊಟ್ಟೆ ಉರೀತು. ನೀವು ಹೇಳಿದ್ದು ಸರಿ, ರೀವ ಇತ್ತು, ನಾನು ಗಣನೆಗೇ ತಗೊಳ್ಳಲಿಲ್ಲ. ನೋಡಿ ನೋಡಿ ಕಣ್ಣಿಗೆ ಕಾಣದ ಹಾಗಾಗಿದೆ.

ಒಂದು ಯೋಚನೆ ಇದೆ. ದೇವಬಾಗ್‌ನಲ್ಲಿ ಒಂದು ಸಂಗತಿ ಗಮನಿಸಿದೆ. ನೀರು ಇಳಿದಾಗ ಹಕ್ಕಿಗಳ ಹಿಂದೆ ನಾವು ಹೋದೆವು, ಅವು ದೂರ ದೂರ ಸರಿದವು. ನೀರು ಏರುವಾಗ ಸುಮ್ನೆ ಒಂದು ಕಡೆ ಕೂತೆವು. ದಿಬ್ಬ ಚಿಕ್ಕದಾಗುತ್ತಾ ಬಂದ ಹಾಗೆ ಅವೇ ನಮ್ಮ ಕಡೆ ಬಂದವು. ಕೊನೆಗೆ ಇಪ್ಪತ್ತು ಹೆಜ್ಜೆಯಲ್ಲಿ ಒಂದು ಪ್ಲವರ್ ನಿಂತಿತ್ತು. ಒಂದು ಕಾಲು ಎತ್ತಿ ಹೊಟ್ಟೆಯೊಳಗೆ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ. ಗಾಳಿಗೆ ಬೆನ್ನ ಗರಿ ಒಂದು ಎದ್ದು ಬೀಳುತ್ತಿತ್ತು. ದುರ್ಬೀನು ಬೇಕಾಗಲಿಲ್ಲ.

ಹಿನ್ನೀರಿನಲ್ಲಿ ನೀರು ಇಳಿಯುತ್ತದೆಯೇ ಹೊರತು ದಿನಾ ಏರುವುದಿಲ್ಲ, ಆ ಉಪಾಯ ಇಲ್ಲಿ ನಡೆಯಲ್ಲ. ಆದರೆ ಜನವರಿಯಿಂದ ವಾರಕ್ಕೊಂದು ಸಲ ಒಂದೇ ಜಾಗದಲ್ಲಿ ಕೂತು, ಆ ದಿನ ಡ್ಯಾಂ ಮಟ್ಟ ಎಷ್ಟು, ಯಾವ ಹಕ್ಕಿ ಎಷ್ಟು ಅಂತ ಬರೆದರೆ ಹೇಗೆ? ಮಟ್ಟ ಹೇಗೂ ದಿನಾ ಪೇಪರ್‌ನಲ್ಲಿ ಬರುತ್ತೆ. ಎಷ್ಟು ಅಡಿಗೆ ಇಳಿದಾಗ ಪ್ಲವರ್ ಬರುತ್ತೆ, ಎಷ್ಟಕ್ಕೆ ರಾಜಹಂಸ ಅಂತ ನಾಲ್ಕೈದು ವರ್ಷದಲ್ಲಿ ಗೊತ್ತಾಗಬಹುದು. ಮಾವ ಆಗಲೇ ನೋಟ್‌ಬುಕ್‌ನಲ್ಲಿ ಗೆರೆ ಎಳೆದಿದ್ದಾರೆ. ಒಂದು ಕಾಲಂ "ಹೆಸರು ಇಲ್ಲ".

ಬಿಸಿಲೂರು, ರಾಯಚೂರು

ಆ ಕಾಲಂಗೆ ನಾನೇ ಹೆಚ್ಚು ಕೆಲಸ ಕೊಡುತ್ತೇನೆ. ಬರುತ್ತೇನೆ.

ಸೋನಾಮಸೂರಿ, ಗಂಗಾವತಿ

ನಾನೂ. ದುರ್ಬೀನು ಅಷ್ಟರೊಳಗೆ ಬದಲಾಯಿಸ್ತೀನಿ. ಕಂಬ ಎಣಿಸಿ.

ಕಾಳಿ ಕಡೆಯವ, ಕಾರವಾರ, ಸದ್ಯ ತೋರಣಗಲ್ಲು

ದೀಪಾವಳಿಗೆ ಊರಿಗೆ ಹೋಗುತ್ತಿದ್ದೇನೆ. ಮಾವನವರ ಕೋಲು ದೇವಬಾಗ್‌ನ ಯಾವ ಕಡೆ ಅಂತ ಹೇಳಿ, ನೋಡಿ ಬರುತ್ತೇನೆ.

ಹಿನ್ನೀರದಂಡೆ, ಕೊಪ್ಪಳ

ಅಳಿವೆಯ ಕಡೆ ಮುಖ ಮಾಡಿ ನಿಂತರೆ ಎಡಕ್ಕೆ, ಕೊನೆಯ ಗಾಳಿ ಮರದಿಂದ ಅರವತ್ತು ಹೆಜ್ಜೆ. ಹೆಜ್ಜೆ ಮಾವನದ್ದು, ಅವರು ಗಿಡ್ಡ.

ಕಾಳಿ ಕಡೆಯವ, ಕಾರವಾರ, ಸದ್ಯ ತೋರಣಗಲ್ಲು

ಹೋಗಿದ್ದೆ. ಕೋಲು ಇಲ್ಲ. ಆ ದಿಬ್ಬವೇ ಸ್ವಲ್ಪ ಸರಿದಿದೆ. ನೀವು ಹೇಳಿದ ಜಾಗದಲ್ಲಿ ಈಗ ನೀರು. ಅಂಚಿನಲ್ಲಿ ಏಳು ಸ್ಯಾಂಡರ್ಲಿಂಗ್ ಅಲೆ ಹಿಂದೆ ಸರಿದರೆ ಅದರ ಹಿಂದೆ ಓಡುತ್ತಿದ್ದವು, ಅಲೆ ಬಂದರೆ ಕಾಲು ಒದ್ದೆಯಾಗದ ಹಾಗೆ ವಾಪಸ್ ಓಡುತ್ತಿದ್ದವು. ಮಾವನವರಿಗೆ ಹೇಳಿ.

ಹಿನ್ನೀರದಂಡೆ, ಕೊಪ್ಪಳ

ಹೇಳಿದೆ. ಕೋಲಿನ ಬಗ್ಗೆ ಏನೂ ಅನ್ನಲಿಲ್ಲ. ಪೆನ್ನು ಕೈಯಲ್ಲಿ ಹಿಡಿದು ಕೇಳ್ತಿದ್ದಾರೆ: ಎಷ್ಟು ಗಂಟೆಗೆ?